ಹದಿನೇಳನೇ ಗೂಡು

ಜೂನ್‌ನಾಗ ತೊಟ್ಟಿ ನೀರಿಗೆ ಹಾಲಿನಪುಡಿ ಕಲಿಸಿದ್ವಿ,
ಒಳಗಿನ ಮಣೆ ಇಲಿಗೆ ಕಾಣಬಾರದಂತ.
"ವಿಜಾಪುರದ ನಳಕ್ಕ ಎಂಟು ದಿನಕ್ಕೊಮ್ಮೆ ನೀರು,
ಇವಕ್ಕ ಈಜು!"
ಅಂದ್ಳು ಗೂಡು ತೊಳೆಯೋ ಬಡೇಮಾ.

ಹದಿನೇಳನೇದು ದಡ್ಡ.
ದಸರಾ ಮುಗಿದರೂ ಗೋಡೆಗುಂಟನ ಸುತ್ತತಿತ್ತು.
ಒಂದಿನ ಕರೆಂಟ್ ಹೋಗಿ ಬಂದಾಗ ನೋಡಿದರ
ಮಣೆ ಮ್ಯಾಲ ನಿಂತಿತ್ತು, ಸುಮ್ಮನ.

ಎಳ್ಳಮಾಸಿ ಮರುದಿನ ಅದರ ಮಿದುಳು ಹೆರೆದೆ,
ಕೂದಲಿಗಿಂತ ತೆಳ್ಳಗ.
ಬಣ್ಣ ಹಾಕಿದೆ. ಜೀವಕೋಶದ ಸಾಲು
ರಂಗೋಲಿ ಎಳೆಯಂಗ ಬಾಗಿತ್ತು.
ಮಣೆಯ ದಾರಿ ಎಲ್ಲಿತ್ತೋ, ಕಾಣಲಿಲ್ಲ.
ಪ್ರಬಂಧದಾಗ ಹಂಗ ಬರೆಯೂಹಂಗಿಲ್ಲ.

ಮೇ. ಫ್ರೀಜರ್ ಎರಡು ಸಲ ಕೆಟ್ಟಿತು.
ಖಾಲಿ ಗೂಡು ಬಿಸಿಲಿಗೆ ಒಣಗ್ಯಾವ.
ಹದಿನೇಳರ ಮುಂದ ಬಡೇಮಾನ ಕೈ
ತಾನಾಗೇ ಬಾಟಲಿ ತುಂಬತದ.
ನೋಡಿ, ನಕ್ಕು,
ಬೇವಿನ ಸಸಿಗೆ ಸುರೀತಾಳ.