ಮೊಂಬಾಸಾದ ಪೆಟ್ಟಿಗೆ

ಗೂಡ್ಸ್ ಶೆಡ್ಡಿನಿಂದ ಜಟಕಾದಲ್ಲಿ ತಂದೆವು,
ನಾನು ಪೆಟ್ಟಿಗೆಯ ಮೇಲೆಯೇ ಕೂತಿದ್ದೆ.
ಉಪ್ಪು ಒಸರುವ ಹಲಗೆ. ಇರ್ವಿನ್ ರಸ್ತೆಯಲ್ಲಿ
ಕುದುರೆ ಮೂಗರಳಿಸಿ ಎರಡು ಸಲ ನಿಂತಿತು.
ಅದಕ್ಕೆ ಯಾರು ಹೇಳಿದರು, ತಾನೆಂದೂ ಕಾಣದ ಪ್ರಾಣಿ
ತನ್ನ ಬೆನ್ನ ಹಿಂದೆಯೇ ಇದೆಯೆಂದು?

ಲಷ್ಕರ್ ಮೊಹಲ್ಲಾದ ಕಾರ್ಖಾನೆ. ಎಪ್ಪತ್ತನಾಲ್ಕನೇ ಇಸವಿ.
ನಮ್ಮ ಕಡೆಯ ಹುಲಿಗೆ ಸರ್ಕಾರ ಕಾವಲು ಹಾಕಿದ ಮೇಲೆ
ಹೊಟ್ಟೆಪಾಡು ಕಡಲಾಚೆಯಿಂದ ಬರುತ್ತಿತ್ತು:
ಜಮಖಾನದಂತೆ ಮಡಚಿದ ಸಿಂಹ, ಹುರಿಯಲ್ಲಿ ಬಿಗಿದ ಬುರುಡೆ,
ಜೊತೆಗೊಂದು ಟೈಪು ಮಾಡಿದ ಕಾಗದ.

ಚೌರಪ್ಪ ಮೇಸ್ತ್ರಿ ಓದು ಅಂದರು, ತಡವರಿಸಿ ಓದಿದೆ:
'ಇಪ್ಪತ್ತು ಗಜ. ಮುಖಾಮುಖಿ. ಗರ್ಜಿಸಿ ಮೇಲೆ ಬಂತು.
ಎದೆಗೆ ಒಂದೇ ಗುಂಡು. ಅದೇ ಸಿಟ್ಟು ಮುಖದಲ್ಲಿರಲಿ.'
ಹ್ಞೂಂ, ಅಂದರು ಮೇಸ್ತ್ರಿ. ಬೀಡಿಯನ್ನು ಕಿವಿಗೆ ಸಿಕ್ಕಿಸಿ
ತೊಗಲನ್ನು ತೊಟ್ಟಿಯಲ್ಲಿ ನೆನೆಹಾಕಿದರು.

ಮೂರು ದಿನಕ್ಕೆ ಮೆತ್ತಗಾಯಿತು; ಮಾತಾಡತೊಡಗಿತು.
ನೋಡಿಲ್ಲಿ, ಅಂದರು, ಅಂಗಾಲು ಮೇಲೆ ಮಾಡಿ:
ಬೆರಳ ಸಂದಿಯಲ್ಲಿ ಕೆಂಪು ಮಣ್ಣು, ವರುಣದ ಹೊಲದ್ದೇ ಅನ್ನಬೇಕು.
ಮುಳ್ಳೊಂದು, ನಮ್ಮ ಬಿಳಿಜಾಲಿಯದರಂತೆ, ಮುರಿದು ಒಳಗೇ ಇತ್ತು.
ಸುತ್ತ ಜಡ್ಡುಗಟ್ಟಿಲ್ಲ, ಅದೇ ದಿನ ನೆಟ್ಟದ್ದು,
ನೆಟ್ಟ ಮೇಲೂ ಓಡಿದೆ ಕಣೋ ಇದು, ಬಹಳ ದೂರ.
ಪಕ್ಕೆಯ ಗೀರೆಲ್ಲ ಪೊದೆ ಸೀಳಿಕೊಂಡು ಹೋದದ್ದು.
ಆಮೇಲೆ ಬಲ್ಬಿನ ಎದುರು ಹಿಡಿದರು ಇಡೀ ತೊಗಲನ್ನು.
ಎದೆಯಲ್ಲಿ ತೂತಿತ್ತು, ಸುಳ್ಳಲ್ಲ, ಬೊಗಸೆಯಗಲ, ಅಂಚು ಹೊರಕ್ಕೆ ಸೀಳಿ.
ಬಾಲದ ಬುಡಕ್ಕಿಂತ ಗೇಣು ಮೇಲೆ ಇನ್ನೊಂದು:
ಕಿರುಬೆರಳು ಹೋಗುವಷ್ಟು. ದುಂಡಗೆ. ಚೊಕ್ಕ.

'ಒಳಗೆ ಬಂದದ್ದು ಯಾವ ಬಾಗಿಲಿಂದ, ಹೋದದ್ದು ಯಾವುದರಿಂದ?'
ನಾನು ಆಗತಾನೆ ಗಣಿತದಲ್ಲಿ ಫೇಲಾದವನು.
ಈ ಲೆಕ್ಕ ತಪ್ಪಲಿಲ್ಲ.

ಹೀಗೆ ಸ್ಟೂಲಿನ ಮೇಲೆ ಕೂತು, ಒಳಮೈ ಹೆರೆಯುತ್ತ,
ಆ ಸಫಾರಿಯ ಜಾಡನ್ನು ಹಿಂದುಹಿಂದಕ್ಕೆ ಹಿಡಿದೆವು ನಾವಿಬ್ಬರು:
ಗುಂಡಿನಿಂದ ಪೊದೆಗೆ, ಪೊದೆಯಿಂದ ಮುಳ್ಳಿಗೆ,
ಮುಳ್ಳಿನಿಂದ, ಹೊಟ್ಟೆ ತುಂಬಿ ಮಲಗಿದ್ದ ಯಾವುದೋ ನೆರಳಿಗೆ.
ಅಲ್ಲಿಂದಾಚೆಗೆ ಸಿಗಲಿಲ್ಲ.

ಕಿವಿ ಕೂರಿಸುವುದು ಕಷ್ಟವೆಂದು ಒಂದು ಮಂಗಳವಾರ
ಝೂಗೆ ಕರಕೊಂಡು ಹೋದರು. ರಜೆಯ ದಿನ; ಗೇಟಿನ ಬೋರಯ್ಯ ಗೊತ್ತಿದ್ದ.
ಮಧ್ಯಾಹ್ನದವರೆಗೆ ನಿಂತೆವು. ಸಿಂಹ ಆಕಳಿಸಿತು.
ಅದರ ಹಿಂದೆಲ್ಲೋ ತಳ್ಳುಗಾಡಿ ಕಿರುಗುಟ್ಟಿದಾಗ
ಮುಖ ನಮ್ಮ ಕಡೆಗೇ ಇಟ್ಟುಕೊಂಡು
ಎಡಗಿವಿಯನ್ನಷ್ಟೇ ಹಿಂದಕ್ಕೆ ಹೊರಳಿಸಿತು.
ಮೇಸ್ತ್ರಿ ಗೀರಿದ ಬೆಂಕಿಕಡ್ಡಿ ಬೆರಳವರೆಗೂ ಉರಿಯಿತು.

ಅಚ್ಚಿಗೆ ಹಳೇ ಪೇಪರು ಬೇಕು. ಮೈದಾ ಗಂಜಿಗೆ
ಮೈಲುತುತ್ತ ಬೆರೆಸಿ, ಪದರ ಪದರ ಅಂಟಿಸುವ ಕೆಲಸ ನನ್ನದು.
ಮಂಡ್ಯದ ಬೆಲ್ಲದ ಧಾರಣೆ, ಕನ್ನಂಬಾಡಿಯ ನೀರಿನ ಮಟ್ಟ,
ಕಾಣೆಯಾದ ಎಮ್ಮೆ, ರೇಡಿಯೋ ರಿಪೇರಿ,
ಮತ್ತೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಪುಟ, ಇರುವೆಸಾಲು ಅಂಕಿ.
ನನ್ನ ನಂಬರಿಲ್ಲದ ಆ ಸಾಲನ್ನು
ಬಲಗೆನ್ನೆಯ ಒಳಗೆ ಬಳಿದು ಅಂಗೈಯಿಂದ ಒತ್ತಿದೆ.

ಬಾಯಿ ತೆರೆಸಿದೆವು, ಕೇಳಿದಷ್ಟೂ. ಅರಗಿನ ನಾಲಗೆ,
ಜರ್ಮನಿಯ ಕಣ್ಣು, ಮೂತಿಗೆ ಸುಕ್ಕು, ಸುಕ್ಕಿಗೆ ಎಣ್ಣೆಬಣ್ಣ.
ಬೆನ್ನ ತೂತನ್ನು ಮೇಸ್ತ್ರಿ ಒಳಗಿನಿಂದ ಹೊಲಿದರು,
ಮೇಲೆ ಕೂದಲು ಬಾಚಿದರು, ಮಗುವಿಗೆ ಕ್ರಾಪು ತೆಗೆದಂತೆ.
ಸಿಟ್ಟು ಬಂತು ಮುಖಕ್ಕೆ. ಸಾಹೇಬ ಮೆಚ್ಚುವ ಸಿಟ್ಟು.
ಕೊನೆಗೆ ಕಿವಿ. ಬಲದ್ದು ಮುಂದಕ್ಕೆ. ಎಡದ್ದರ ತಂತಿಯನ್ನು
ಇಷ್ಟೇ ಇಷ್ಟು ತಿರುಚಿದರು.
'ಮೇಸ್ತ್ರೀ, ಸೊಟ್ಟಗಾಯಿತು.'
'ಆಯಿತೇನೋ? ಇರಲಿ ಬಿಡು. ನನ್ನ ಕಣ್ಣು ಮಂಜು.'

ಆರು ತಿಂಗಳಿಗೆ ಕಾಗದ ಬಂತು: ಜೀವ ಬಂದಂತಿದೆ, ಬಹಳ ಸಂತೋಷ.
ಕಿವಿಯ ವಿಚಾರ ಬರೆದಿರಲಿಲ್ಲ.

ಆ ಮನೆ ಎಲ್ಲಿದೆಯೋ. ಸಂಜೆ ಸಂಜೆ ಗ್ಲಾಸು ಹಿಡಿದು
ಮುಖಾಮುಖಿಯ ಕಥೆ ಹೇಳುತ್ತಿದ್ದಿರಬೇಕು ಸಾಹೇಬ.
ಹೊಟ್ಟೆಯಲ್ಲಿ ಬೆಲ್ಲದ ಧಾರಣೆ, ಕೆನ್ನೆಯಲ್ಲಿ ನನ್ನ ಫೇಲು,
ಬಾಯಿ ಅವನ ಕಡೆಗೆ ತೆರೆದು ನಿಂತಿದೆ ಸಿಂಹ;
ಜೀಪು ಎಷ್ಟು ಹತ್ತಿರ ಬಂತೆಂದು
ಎಡಗಿವಿಯಲ್ಲಿ ಕೇಳಿಸಿಕೊಳ್ಳುತ್ತ.