ಕಬ್ಬಿಣದ ಕಡಲೆ

ಒರಿಸ್ತಾನೊ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಇಪ್ಪತ್ತಾರು ವರ್ಷ ಈ ಊರಿನ ರಕ್ತ ನೋಡಿದ್ದೇನೆ,
ಮುಖ ಕಂಡದ್ದು ಅಪರೂಪ.
ಇವತ್ತು ಬಾಗಿಲು ತಳ್ಳಿಕೊಂಡು ಬಂದಳು ಬೊನಾರಿಯಾ ಮೆಲಿಸ್,
ಕೈಯಲ್ಲಿ ನಾಲ್ಕು ಮಡಿಕೆಯ ವರದಿ.

"ಮೂರು ವರ್ಷ ಕಬ್ಬಿಣದ ಮಾತ್ರೆ ನುಂಗಿದೆ,
ನಾಲಿಗೆಯೆಲ್ಲ ಮೊಳೆಯ ರುಚಿ.
ಗುರುವಾರಕ್ಕೊಮ್ಮೆ ಅಜ್ಜಿ ಕುದುರೆ ಮಾಂಸ ಸುಟ್ಟು ತಿನ್ನಿಸಿದಳು.
ಆದರೂ ಹತ್ತೂವರೆ.
ಅದೇ ಹಾಳು ಹತ್ತೂವರೆ!"

ಹಿಮೋಗ್ಲೋಬಿನ್ ಮೇಲೆಯೇ ಎಲ್ಲರ ಕಣ್ಣು.
ಕೆಳಗಿನ ಸಾಲು ಓದು ಎಂದೆ.
ಕಣದ ಗಾತ್ರ ಅರವತ್ತೊಂದು: ಸಣ್ಣದು, ಬಲು ಸಣ್ಣದು.
ಎಣಿಕೆ ನೋಡಿದರೆ ಐವತ್ತಾರು ಲಕ್ಷ!
ಹಿಟ್ಟು ಸಾಲದ ಮನೆಯಲ್ಲಿ
ರೊಟ್ಟಿಯೂ ಸಣ್ಣ, ಲೆಕ್ಕವೂ ಕಡಿಮೆ.
ನಿನ್ನ ಮೂಳೆಯೊಳಗೆ ಯಾರೋ ಹಠ ಹಿಡಿದು
ಪುಟ್ಟ ಪುಟ್ಟ ರೊಟ್ಟಿ ತಟ್ಟುತ್ತಲೇ ಇದ್ದಾರೆ.
ಫೆರಿಟಿನ್ ತೊಂಬತ್ತು.
ಉಗ್ರಾಣ ತುಂಬಿದೆ, ಮಗಳೇ.

ಬಿಳಿಚಿದವರೆಲ್ಲ ಒಂದೇ ಜಾತಿಯಲ್ಲ.
ಕುರಿ ಕಾಯುವ ಬಕೀಸಿಯೊ ಕಾಲು ಜೋಮು ಎಂದು ಬಂದಾಗ
ಅವನ ಕಣಗಳು ಊದಿಕೊಂಡಿದ್ದವು,
ಬಿ-ಹನ್ನೆರಡು ಕಾಣದೆ ಬಲಿಯದ ಕಾಯಿಗಳು.
ನನ್ನ ಚಿಕ್ಕಪ್ಪ ಮೇ ತಿಂಗಳಲ್ಲಿ
ಹೊಲದಲ್ಲೇ ನಿಂತು ಹಸಿ ದಪ್ಪ ಅವರೆ ತಿಂದು
ಮರುದಿನ ಅರಿಶಿನವಾದ;
ಅವನವು ಒಡೆದೇ ಹೋಗಿದ್ದವು.

ಬಾ, ನಿನ್ನವನ್ನು ನೋಡು.
ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು, ಉಸಿರು ಹಿಡಿದು.
ಮಾಸಿದ ಬಳೆಗಳು; ಅಲ್ಲಲ್ಲಿ
ನಡುವೆ ಚುಕ್ಕೆಯಿಟ್ಟ ಗುರಿಹಲಗೆ.
"ಚೆನ್ನಾಗಿಯೇ ಇವೆಯಲ್ಲ," ಅಂದಳು.

ಚೆನ್ನಾಗಿವೆ. ಇಲ್ಲೆಲ್ಲ ಜೌಗಿತ್ತು,
ಸಂಜೆಗೆ ಮಲೇರಿಯಾ ಮನೆಮನೆಗೆ ಬರುತ್ತಿತ್ತು.
ಜೌಗು ಬತ್ತಿತು, ಸೊಳ್ಳೆ ಹೋಯಿತು,
ಸೊಳ್ಳೆಗೆಂದು ಕಟ್ಟಿದ ಬೇಲಿ
ರಕ್ತದೊಳಗೇ ಉಳಿಯಿತು.
ಅದಕ್ಕೆ ಥಲಸ್ಸೀಮಿಯಾ ಎಂದು ಹೆಸರು, ನಿನ್ನಲ್ಲಿ ಅರ್ಧ ಪಾಲು ಮಾತ್ರ.
ನೀನು ರೋಗಿಯಲ್ಲ, ಹೊತ್ತವಳು.

ಹೊತ್ತವಳು ಎಂದದ್ದೇ ತಪ್ಪಾಯಿತೇನೋ.
ನಕ್ಕಳು, ಮಾತ್ರೆಯ ಡಬ್ಬಿ ಬುಟ್ಟಿಗೆಸೆದಳು,
ಚೀಲದಿಂದ ಇನ್ನೊಂದು ಲಕೋಟೆ ತೆಗೆದಳು:
"ಇದು ಜಾಂಪಿಯೆರೊದು. ಸೆಪ್ಟೆಂಬರಿಗೆ ಮದುವೆ.
ಅವನಿಗೂ ಇದೇ ಮಾತ್ರೆ ಬರೆದಿದ್ದಾರೆ, ಪಾಪ."

ಹೆಸರಿಗೂ ಮುಂಚೆ ಗಾತ್ರದ ಸಾಲು ಓದಿದೆ.
ಅರವತ್ತಮೂರು.

ಇನ್ನೊಂದು ಪರೀಕ್ಷೆ ಬೇಕು, ಅದಾದ ಮೇಲೆ ಮಾತು.
ನಾಲ್ಕರಲ್ಲಿ ಒಂದು ಎಂಬ ಲೆಕ್ಕವನ್ನು
ಎಷ್ಟು ಮೆತ್ತಗೆ ಬೇಯಿಸಿ ಬಡಿಸಿದರೂ
ಹಲ್ಲಿಗೆ ಸಿಕ್ಕುವುದು ಕಡಲೆಯೇ, ಕಬ್ಬಿಣದ್ದು.

ನಾನು ಕುರ್ಚಿ ಎಳೆದೆ.