ಗೆಣ್ಣು

ತೋಳು: ಮೂವತ್ತಮೂರು ಇಂಚು, ಮೇಲೊಂದು ಎಳೆಯಷ್ಟು.
ಅಂಗೈ: ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಹತ್ತೂಕಾಲು.
ತೂಕ: ಮುನ್ನೂರ ಎಂಟು ಪೌಂಡು.
ಬೆಳಿಗ್ಗೆ ಒಂದು ಗ್ಯಾಲನ್ ನೀರು ಕುಡಿದು ಬಂದಿದ್ದಾನೆ, ಗೊತ್ತು;
ನಾನೂ ಕುಡಿದಿದ್ದೆ, ಟೊಲೀಡೊದಲ್ಲಿ, ನನ್ನ ಸರದಿ ಬಂದಾಗ.

ಮಾರ್ಚ್ ತಿಂಗಳು. ಲೂಯಿಸಿಯಾನಾದ ಒಂದು ಸಣ್ಣ ಕಾಲೇಜಿನ ಜಿಮ್.
ಚಡ್ಡಿಯಲ್ಲಿ ಸಾಲಾಗಿ ನಿಂತ ಹುಡುಗರು,
ಟೇಪು ಹಿಡಿದ ನಾವು ಹನ್ನೊಂದು ಮಂದಿ,
ಒಂದೊಂದು ಟೋಪಿಯ ಮೇಲೂ ಒಂದೊಂದು ಊರು.
ಹಲ್ಲು ಎಣಿಸುವುದೊಂದು ಬಾಕಿ.
ಯಾರೂ ಆ ಮಾತಾಡುವುದಿಲ್ಲ. ನಾನಂತೂ ಆಡುವುದಿಲ್ಲ.
ಮೈಬಣ್ಣ ಈ ಹುಡುಗರದೇ,
ಪೆನ್ನು ಮಾತ್ರ ತಂಡದ್ದು.

ಟೆರಾನ್ಸ್ ಗಿಲ್ಲೊರಿ. ಸಾಲಿನ ನಟ್ಟನಡುವೆ ನಿಲ್ಲುವವನು.
ಇಬ್ಬರು ಒಟ್ಟಿಗೆ ಬಂದು ಎದೆಗೆ ಬೀಳುತ್ತಾರೆ,
ಇವನು ಜಗ್ಗುವುದಿಲ್ಲ; ಅಷ್ಟೇ ಕೆಲಸ.
ಹಿಂದಿನಿಂದ ಲೈನ್‌ಬ್ಯಾಕರ್ ಓಡಿಬಂದು
ಚೆಂಡು ಹಿಡಿದವನನ್ನು ಕೆಡವುತ್ತಾನೆ.
ಬ್ಯಾಂಡು ಅವನಿಗೆ, ಮೈಕಿನಲ್ಲಿ ಹೆಸರು ಅವನಿಗೆ,
ಇವನಿಗೆ ಬಾಯಿ ತುಂಬ ಹುಲ್ಲು.
ಲೆಕ್ಕದ ಹಾಳೆ ಸೊನ್ನೆ ಅನ್ನುತ್ತದೆ.
ಆ ಸೊನ್ನೆಯನ್ನು ತೂಗುವುದು ನನ್ನ ಕಸುಬು.

ಮೋಟೆಲಿನ ಕೋಣೆ, ತಣ್ಣಗಾದ ಕರಿದ ಮೀನು, ಲ್ಯಾಪ್‌ಟಾಪು.
ನಾಲ್ಕು ಸೆಕೆಂಡಿನ ಆಟವನ್ನು ಹಿಂದೆ ಮುಂದೆ ಉರುಳಿಸುತ್ತೇನೆ.
ಇಪ್ಪತ್ತಾರು ವರ್ಷದಿಂದ ನಾನು ಚೆಂಡನ್ನು ನೋಡಿಲ್ಲ.
ಸೊಂಟ ನೋಡುತ್ತೇನೆ, ಕಣಕಾಲು ನೋಡುತ್ತೇನೆ,
ಯಾರ ಭುಜ ಯಾರದಕ್ಕಿಂತ ತಗ್ಗು ಎಂದು ನೋಡುತ್ತೇನೆ.
ಬಗ್ಗಿದವನೇ ಗೆಲ್ಲುವ ಜಾಗ ಅದೊಂದೇ,
ನಾನು ಕಂಡಂತೆ.

ಒಂದೂವರೆಗೆ ಕಂಡಿತು:
ನೆಲಕ್ಕೂರಿದ ಬಲಗೈ.
ನುಗ್ಗುವವನಿದ್ದರೆ ಬೆರಳು ಎರಡನೇ ಗೆಣ್ಣಿನವರೆಗೆ
ಹುಲ್ಲಲ್ಲಿ ಹುಗಿದಿರುತ್ತದೆ, ಮೈಭಾರವೆಲ್ಲ ಅಲ್ಲೇ.
ನಿಂತು ತಡೆಯುವವನಿದ್ದರೆ ಸಡಿಲ,
ಮಲಗಿದ ಕೂಸಿನ ತಲೆ ಸವರುವಷ್ಟು ಸಡಿಲ.
ಚೆಂಡು ಏಳುವ ಮುನ್ನವೇ ಕೈ ಎಲ್ಲ ಹೇಳಿಬಿಡುತ್ತದೆ.
ನಲವತ್ತೊಂದು ಸಲ ನೋಡಿದೆ. ನಲವತ್ತು ಸಲ ನಿಜ.
ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ;
ಇದು ಕೈಯ ಬೆನ್ನು,
ಮೈಯ ಅಡಿಯಲ್ಲಿ ಸಿಕ್ಕಿಕೊಂಡದ್ದು.

ನಾವೇ ಆರಿಸಿಕೊಂಡರೆ ಒಂದು ವಾರದಲ್ಲಿ ತಿದ್ದಬಹುದು.
ಬೇರೆಯವರು ಆರಿಸಿಕೊಂಡರೆ
ವರ್ಷಕ್ಕೆರಡು ಸಲ ನಮಗೆದುರು ಬರುತ್ತಾನೆ,
ಆಗ ಆ ಕೈ ನಮ್ಮದು.
ಹೀಗೆಂದು ಬರೆದೆ. ಸಂಬಳ ಇದಕ್ಕೇ.
ಕಳಿಸುವ ಮುನ್ನ ಒಂದು ಕಾಗುಣಿತ ತಿದ್ದಿದೆ.

ಬೆಳಿಗ್ಗೆ ಕಾರಿನ ಹತ್ತಿರ ಬಂದ, ಬೂಟು ಕೈಯಲ್ಲಿ ತೂಗಾಡಿಸುತ್ತ.
'ಮೂರನೇ ಕೋನ್ ಹತ್ತಿರ ಜಾರಿದೆ, ಸರ್, ನೋಡಿದ್ರಾ?'
ನೋಡಿದೆ.
'ಇನ್ನೇನಾದರೂ ಇದೆಯಾ ತಿದ್ದಿಕೊಳ್ಳೋಕೆ?'
ಕೈ ಕುಲುಕಿದೆ. ಬಿಡುವುದು ತುಸು ತಡವಾಯಿತು.
ನನ್ನ ಕಣ್ಣು ಎಲ್ಲಿ ನೆಟ್ಟಿತ್ತೋ
ಅಲ್ಲೇ ಅವನೂ ನೋಡಿದ.
ಏನೂ ಇಲ್ಲ, ಅಂದೆ.

ಐದನೇ ಸುತ್ತಿನಲ್ಲಿ ಬೇರೆ ಊರು ಅವನನ್ನು ಆರಿಸಿತು.

ಅಕ್ಟೋಬರ್, ಭಾನುವಾರ, ಮೈದಾನದ ಮೇಲೆ ತೆಳು ಬಿಸಿಲು.
ನಾನು ಮೇಲೆ, ಗಾಜಿನ ಹಿಂದೆ, ದುರ್ಬೀನು.
ನಮ್ಮ ಸೆಂಟರ್ ಅವನ ಕೈಯನ್ನೊಮ್ಮೆ ನೋಡಿ
ಗಾರ್ಡಿಗೆ ಏನೋ ಕೂಗಿದ. ಗಾರ್ಡ್ ಅತ್ತ ಸರಿದ.
ಸಡಿಲ ಬೆರಳು. ಹುಲ್ಲಿನ ತುದಿ ಕೂಡ ಬಾಗಿರಲಿಲ್ಲ.

ನುಗ್ಗಿದ.

ನಮ್ಮ ಕ್ವಾರ್ಟರ್‌ಬ್ಯಾಕ್ ಅಂಗಾತ ಬಿದ್ದು ಆಕಾಶ ನೋಡುತ್ತಿದ್ದ.
ಗಿಲ್ಲೊರಿ ಎದ್ದ, ಕುಣಿಯಲಿಲ್ಲ,
ಬೆರಳ ಸಂದಿಯ ಮಣ್ಣು ಕೊಡವಿಕೊಂಡ.
ಯಾರೋ ಹೇಳಿಕೊಟ್ಟಿರಬೇಕು, ಅಂದರು ಪಕ್ಕದಲ್ಲಿ.
ಇರಬೇಕು, ಅಂದೆ.

ಎಡಗೈಯಲ್ಲಿ ದುರ್ಬೀನಿತ್ತು. ಬಲಗೈ
ನನ್ನ ಹಳೆಯ ಮೊಣಕಾಲಿನ ಮೇಲೆ
ಎರಡನೇ ಗೆಣ್ಣಿನವರೆಗೆ ಊರಿಕೊಂಡಿತ್ತು.
ಯಾರಾದರೂ ನೋಡುವ ಮುನ್ನ
ಎತ್ತಿ ಜೇಬಿಗೆ ಹಾಕಿಕೊಂಡೆ.